ಎಂಟು ನೇಗಿಲಿನ ನೆಲ, ಐದು ನೇಗಿಲು

ಅವರು ತೀರಿಕೊಂಡ ಸುದ್ದಿ ನನಗೆ ಬಂದದ್ದು ವಾಟ್ಸ್‌ಆ್ಯಪ್‌ನಲ್ಲಿ, ಕರಾವಳಿಯವರ ಒಂದು ಗುಂಪಿನಿಂದ ಇನ್ನೊಂದಕ್ಕೆ ಸಾಗಿ ಬಂದ ಸಂದೇಶವಾಗಿ. ಪಾಸ್‌ಪೋರ್ಟ್ ಅಳತೆಯ ಒಂದು ಫೋಟೊ, ಅದರ ಕೆಳಗೆ ಎರಡು ಸಾಲು. ಇಪ್ಪತ್ತೆರಡು ವರ್ಷ ಪತ್ರಿಕೆಯ ಡೆಸ್ಕಿನಲ್ಲಿ ಕೂತವನಿಗೆ ಒಂದೇ ಮೂಲದಿಂದ ಬಂದ ಸುದ್ದಿ ಸುದ್ದಿಯಲ್ಲ. ಇಲ್ಲಿ ಕತಾರಿನಲ್ಲಿ, ರಾಸ್ ಲಫಾನ್‌ನ ಅನಿಲ ಘಟಕಗಳಲ್ಲಿ ಅವರ ಜೊತೆ ಕೆಲಸ ಮಾಡಿದ್ದ ಒಬ್ಬರಿಗೆ ಫೋನ್ ಮಾಡಿದೆ. ಹೌದು ಎಂದರು. ಕೆಲಸ ಬಿಟ್ಟು ಊರಿಗೆ ಹೋಗಿ ಎರಡು ತಿಂಗಳಾಗಿತ್ತಂತೆ, ಹೃದಯಾಘಾತವಂತೆ. ಊರು ಎಂದರೆ ಎಲ್ಲಿ ಎಂದು ಕೇಳಿದೆ. "ಅದು ಗೊತ್ತಿಲ್ಲ ಸರ್. ಉಡುಪಿ ಕಡೆ ಎಲ್ಲೋ," ಎಂದರು.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಆರೋಪ ಸಾಬೀತಾಗದವರ ಹೆಸರನ್ನು ಅಚ್ಚು ಹಾಕಬಾರದು ಎಂಬುದು ನಾನು ಕೆಲಸಕ್ಕೆ ಸೇರಿದ ವಾರ ಕಲಿತ ನಿಯಮ. ಮನೆಯಲ್ಲಿ ನಾವು ಅವರನ್ನು ಮಾಸ್ಟ್ರು ಎನ್ನುತ್ತಿದ್ದೆವು. ಇಲ್ಲಿಗೂ ಅಷ್ಟು ಸಾಕು.

ಮನೆ ಎಂದದ್ದು ಐನ್ ಖಾಲಿದ್‌ನ ಒಂದು ವಿಲ್ಲಾವನ್ನು. ಕಾಗದದ ಪ್ರಕಾರ ಅದನ್ನು ಬಾಡಿಗೆಗೆ ಹಿಡಿದವರು ರಮಾನಾಥಣ್ಣ, ಏಸಿ ರಿಪೇರಿಯ ಸ್ವಂತ ವ್ಯವಹಾರವಿದ್ದ ಮೂಲ್ಕಿಯವರು. ಒಂದು ಕುಟುಂಬಕ್ಕೆಂದು ಪಡೆದ ಮನೆಯಲ್ಲಿ ಅವರು ಹಲಗೆಯ ಗೋಡೆಗಳನ್ನು ಎಬ್ಬಿಸಿ ಆರು ಪಾಲು ಮಾಡಿದ್ದರು. ಒಂದರಲ್ಲಿ ಅವರೂ ಅವರ ಹೆಂಡತಿಯೂ. ಮಾಳಿಗೆಯಲ್ಲಿ ಮಲಯಾಳಿ ದಂಪತಿ. ಪಕ್ಕದ ಕೋಣೆಯಲ್ಲಿ ಮೆಸಯೀದ್‌ನ ಕಾರ್ಖಾನೆಗೆ ಹೋಗುವ ನಾಲ್ವರು ತಂತ್ರಜ್ಞರು. ಮೆಟ್ಟಿಲ ಕೆಳಗಿನ ಕೋಣೆ ನನ್ನದು, ಹಿಂಬದಿಯ ಡ್ರೈವರ್ ಕೋಣೆ ಮಾಸ್ಟ್ರದ್ದು. ಅತಿಥಿಗಳನ್ನು ಕೂರಿಸುವ ಮಜ್ಲಿಸ್ ಎಂಬ ದೊಡ್ಡ ಹಜಾರವನ್ನು ಹಲಗೆಯಿಂದ ಮುಚ್ಚಿದ ಭಾಗದಲ್ಲಿ ಸಿಲ್ವಿಯಾ ಬಾಯಿಯ ಸಂಸಾರ. ಸಿಲ್ವಿಯಾ ಬಾಯಿಗೆ ಒಂದು ಕ್ಲಿನಿಕ್ಕಿನ ರಿಸೆಪ್ಶನ್‌ನಲ್ಲಿ ಕೆಲಸ. ಗಂಡ ರಾಸ್ ಲಫಾನ್‌ನಲ್ಲಿ ಆಪರೇಟರ್, ರಜೆಯ ದಿನಗಳಲ್ಲಿ ಮಾತ್ರ ಮನೆಗೆ. ಮಗಳು ರೀಮಾ ಹತ್ತನೇ ತರಗತಿ. ಒಟ್ಟು ಹದಿಮೂರು ಜನ, ಅವರಲ್ಲಿ ರೀಮಾ ಒಬ್ಬಳೇ ಮಗು.

ವಿಲ್ಲಾವನ್ನು ಹೀಗೆ ಪಾಲು ಮಾಡುವುದು ಇಲ್ಲಿ ಕಾನೂನಿಗೆ ವಿರುದ್ಧ. ಬಲದಿಯಾದವರು, ಅಂದರೆ ನಗರಸಭೆಯವರು, ಬಂದು ನೋಡಿದರೆ ಗೋಡೆ ಕೆಡವಿಸಿ ಕೆಲವೇ ದಿನಗಳಲ್ಲಿ ಎಲ್ಲರನ್ನೂ ಹೊರಗೆ ಕಳಿಸುತ್ತಾರೆ. ಅದು ಗೊತ್ತಿದ್ದೂ ಇದ್ದೆವು. ಆ ವರ್ಷ ನಮ್ಮೆಲ್ಲರಿಗಿಂತ ಹೆಚ್ಚು ಹೆದರಿದ್ದವರು ಸಿಲ್ವಿಯಾ ಬಾಯಿ. ಮಾರ್ಚ್‌ನಲ್ಲಿ ರೀಮಾಳ ಬೋರ್ಡ್ ಪರೀಕ್ಷೆ. ಅದಕ್ಕೆ ಮೊದಲು ಮನೆ ಹೋದರೆ ಹುಡುಗಿಯನ್ನು ಊರಿಗೆ ಕಳಿಸಬೇಕು, ಒಂದು ವರ್ಷ ಹೋದಂತೆ. "ಪರೀಕ್ಷೆ ಒಂದು ಮುಗಿದ್ರೆ ನಾನು ಮರುಭೂಮಿಯಲ್ಲಿ ಚಾಪೆ ಹಾಕಿ ಮಲಗ್ತೇನೆ," ಎನ್ನುತ್ತಿದ್ದರು ಅವರು.

ಹೀಗಾಗಿ ಆ ಮನೆಗೆ ಅದರದೇ ಒಂದು ಶಿಸ್ತು ಇತ್ತು. ಬಲದಿಯಾದ ಕಾರು ಬೀದಿಯಲ್ಲಿ ಕಂಡಿತು ಎಂಬ ಮಾತು ಬಂದರೆ ಮೊದಲು ಬಾಗಿಲ ಹೊರಗಿನ ಚಪ್ಪಲಿಗಳು ಒಳಗೆ ಹೋಗಬೇಕು. ಆಮೇಲೆ ಬಟ್ಟೆ ಒಣಗಿಸುವ ಹಗ್ಗ. ಮಾಸ್ಟ್ರು ಬಂದ ದಿನ ರಮಾನಾಥಣ್ಣ ಈ ನಿಯಮ ಹೇಳಹೊರಟರೆ ಅವರು ಆಗಲೇ ಚಪ್ಪಲಿ ಕಳಚಿ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಕೈಯಲ್ಲಿ ಹಿಡಿದಿದ್ದರು. ಆರು ತಿಂಗಳಲ್ಲಿ ಒಂದು ದಿನವೂ ಅವರ ಚಪ್ಪಲಿ ಹೊರಗೆ ಉಳಿಯಲಿಲ್ಲ. ನಮಗೆ ಬಂದ ಮೊದಲ ಅನುಮಾನ ಅದೇ. ಹೇಳುವ ಮೊದಲೇ ಇದು ಗೊತ್ತಿರುವವನು ಯಾರು?

ಐವತ್ತೈದರ ಆಸುಪಾಸು. ಸಣಕಲು ದೇಹ, ತುಂಬುತೋಳಿನ ಅಂಗಿ, ಕಿವಿಯ ಮೇಲೆ ಸದಾ ಒಂದು ಪೆನ್ಸಿಲು. ರಾಸ್ ಲಫಾನ್‌ನ ಗುತ್ತಿಗೆ ಕಂಪನಿಯೊಂದರಲ್ಲಿ ಡಾಕ್ಯುಮೆಂಟ್ ಕಂಟ್ರೋಲರ್. ನಕ್ಷೆಗಳಿಗೆ, ಪತ್ರಗಳಿಗೆ ನಂಬರು ಹಾಕಿ, ಯಾವುದು ಹಳೆಯದು ಯಾವುದು ಹೊಸದು ಎಂದು ಮುದ್ರೆ ಒತ್ತುವ ಕೆಲಸ. ಅದಕ್ಕೆ ಮೊದಲು ಊರಿನಲ್ಲಿ ಕಾಲೇಜಿನಲ್ಲಿ ಇತಿಹಾಸ ಕಲಿಸುತ್ತಿದ್ದೆ ಎಂದಿದ್ದರು. ಯಾವ ಕಾಲೇಜು ಎಂದು ಹೇಳಲಿಲ್ಲ. ಕರಾವಳಿಯವರು ಪರದೇಶದಲ್ಲಿ ಎದುರಾದರೆ ಮೂರು ಪ್ರಶ್ನೆಗಳಲ್ಲಿ ಒಂದು ನೆಂಟಸ್ತಿಕೆ ಹುಡುಕುತ್ತಾರೆ. ರಮಾನಾಥಣ್ಣ ಪ್ರತಿ ಶುಕ್ರವಾರ ಹೊಸದಾಗಿ ಪ್ರಯತ್ನಿಸುತ್ತಿದ್ದರು.

"ಮಾಸ್ಟ್ರೆ, ಮನೆ ಎಲ್ಲಿ ಆಯ್ತು ನಿಮ್ಗೆ?"

"ಉಡುಪಿ ಕಡೆ."

"ಕಡೆ ಅಂದ್ರೆ ಬಸ್ ಎಲ್ಲಿ ಇಳಿಬೇಕು?"

"ಈಗ ಬಸ್ಸು ನಿಲ್ಲಿಸೂದಿಲ್ಲ ಅಲ್ಲಿ."

ಅಲ್ಲಿಗೆ ಮುಗಿಯಿತು. ಶುಕ್ರವಾರ ಮಧ್ಯಾಹ್ನ ನಾವೆಲ್ಲ ಹಿಂದಿನ ಅಂಗಳದಲ್ಲಿ ಒಟ್ಟಿಗೆ ಉಣ್ಣುತ್ತಿದ್ದೆವು. ರಮಾನಾಥಣ್ಣನ ಹೆಂಡತಿ ಬಂಗುಡೆ ಸಾರು ಮಾಡುತ್ತಿದ್ದರು. ಮಾಸ್ಟ್ರು ಮೀನನ್ನು ತಿಂದು ಮುಳ್ಳುಗಳನ್ನು ತಟ್ಟೆಯ ಅಂಚಿನಲ್ಲಿ ಉದ್ದದ ಪ್ರಕಾರ ಸಾಲಾಗಿ ಇಡುತ್ತಿದ್ದರು. ಆಮೇಲೆ ತಲೆಯೆತ್ತಿ, ತುಟಿ ಅಲುಗಿಸುತ್ತಾ, ಅಂಗಳವನ್ನು ಒಂದು ಸುತ್ತು ನೋಡುತ್ತಿದ್ದರು. ಎಣಿಸುತ್ತಿದ್ದಾರೆ ಎಂದು ಮೊದಲು ಹೇಳಿದವರು ಮೆಸಯೀದ್‌ನ ಹುಡುಗರು. ತಮಾಷೆಗೆ ಹೇಳಿದ್ದು. ಮುಂದಿನ ವಾರ ನಾನು ಗಮನಿಸಿದೆ. ನಿಜವಾಗಿಯೂ ಎಣಿಸುತ್ತಿದ್ದರು, ತಟ್ಟೆಗಳನ್ನು. ಎಣಿಸಿಯಾದ ಮೇಲೆ ಕೋಣೆಗೆ ಹೋಗಿ ನೀಲಿ ರಟ್ಟಿನ ಪುಸ್ತಕದಲ್ಲಿ ಏನೋ ಬರೆಯುತ್ತಿದ್ದರು.

ಅವರು ತಾವಾಗಿ ಮಾತಾಡುತ್ತಿದ್ದದ್ದು ರೀಮಾಳ ಜೊತೆ ಮಾತ್ರ. ಸಂಜೆ ಅಡುಗೆಮನೆಯ ಮೇಜಿನ ಮೇಲೆ ಅವಳು ಪುಸ್ತಕ ಹರಡಿದಾಗ ಎದುರಿಗೆ ಕೂತು ಇತಿಹಾಸ ಹೇಳಿಕೊಡುತ್ತಿದ್ದರು. ಅವಳಿಗೆ ಕನ್ನಡ ಅಷ್ಟಕ್ಕಷ್ಟೆ, ಇಂಗ್ಲಿಷ್ ಬೆರೆಸಿದ ಅವಳ ಪ್ರಶ್ನೆಗಳಿಗೆ ಅವರು ನಿಧಾನವಾದ ಕನ್ನಡದಲ್ಲೇ ಉತ್ತರ ಕೊಡುತ್ತಿದ್ದರು. ಒಂದು ಸಂಜೆ ಅವರು ಸುಮಾರು ಅರ್ಧ ಗಂಟೆ ಹೇಳಿದ್ದನ್ನು ಕೇಳಿ ಅವಳು, "ಅಂಕಲ್, ಇದು ಎಕ್ಸಾಮಿಗೆ ಬರುದಿಲ್ಲ ಅಲ್ವಾ?" ಎಂದಳು.

"ಬರೂದಿಲ್ಲ. ಪರೀಕ್ಷೆಗೆ ಬರೂದನ್ನು ನಿನ್ನ ಟೀಚರು ಹೇಳ್ತಾರೆ," ಎಂದರು.

ಜನವರಿಯ ಮೊದಲ ವಾರದಲ್ಲಿ ನಮ್ಮಿಂದ ಎರಡು ಬೀದಿ ಆಚೆಗಿನ ವಿಲ್ಲಾವೊಂದಕ್ಕೆ ಬಲದಿಯಾದವರು ಬಂದರು. ಮೂರನೇ ದಿನ ಆ ಮನೆ ಖಾಲಿ. ಆಫೀಸಿಗೆ ಹೋಗುವಾಗ ನೋಡಿದೆ. ಪಾದಚಾರಿ ದಾರಿಯಲ್ಲಿ ಹಾಸಿಗೆಗಳು, ಒಂದು ಫ್ರಿಜ್ಜು, ಹಾಸಿಗೆಯ ಮೇಲೆ ಶಾಲೆಯ ಯೂನಿಫಾರ್ಮಿನಲ್ಲಿ ಕೂತ ಇಬ್ಬರು ಮಕ್ಕಳು. ಅದಕ್ಕೆ ಹಿಂದಿನ ಶನಿವಾರ ಮಾಸ್ಟ್ರು ಅದೇ ಬೀದಿಯಲ್ಲಿ ನೀಲಿ ಪುಸ್ತಕ ಹಿಡಿದು ನಿಂತಿದ್ದನ್ನು ರಮಾನಾಥಣ್ಣನ ಕೆಲಸದವನು ಕಂಡಿದ್ದ.

ರಮಾನಾಥಣ್ಣ ನನ್ನ ಕೋಣೆಗೆ ಬಂದು ಬಾಗಿಲು ಹಾಕಿಕೊಂಡರು. "ನೀವು ಪೇಪರಿನವರಲ್ವಾ ಮಾರಾಯ್ರೆ. ಒಮ್ಮೆ ವಿಚಾರಿಸಿ ನೋಡಿ. ಜನ ಸಮ ಇಲ್ಲ ಅದು."

ವಿಚಾರಿಸಿದೆ. ಮಾಸ್ಟ್ರ ಕೋಣೆಗೆ ಹೋಗಿ, ನೀವು ಬರೆಯುವುದು ಏನು ಎಂದು ನೇರವಾಗಿ ಕೇಳುವ ಬದಲು, ಪತ್ರಿಕೆಯವರು ಮಾಡುವಂತೆ, ಇತಿಹಾಸದ ವಿಷಯ ತೆಗೆದೆ. ಅವರು ಟ್ರಂಕಿನಿಂದ ಪ್ಲಾಸ್ಟಿಕ್ ಹೊದಿಕೆಯ ಒಂದು ಹಾಳೆ ತೆಗೆದು ಮೇಜಿನ ಮೇಲಿಟ್ಟರು. ಯಾವುದೋ ಹಳೆಯ ಕೈಬರಹದ ನೆರಳಚ್ಚು. ಲ್ಯಾಟಿನ್, ಏಳು ಸಾಲು.

ಸುಮಾರು ಒಂಬೈನೂರೈವತ್ತು ವರ್ಷಗಳ ಹಿಂದೆ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದರು. ಗೆದ್ದು ಇಪ್ಪತ್ತು ವರ್ಷಕ್ಕೆ ಅವರ ದೊರೆ ಗುಮಾಸ್ತರನ್ನು ದೇಶವೆಲ್ಲ ಕಳಿಸಿ ಊರೂರಿನ ನೆಲ, ನೇಗಿಲು, ಗಿರಣಿ, ಹಂದಿ ಮೇಯುವ ಕಾಡು ಎಲ್ಲವನ್ನೂ ಬರೆಸಿದ. ಆ ಏಳು ಸಾಲು ಅಂಥದೊಂದು ಸಣ್ಣ ಊರಿನ ವಿವರ. ಎಂ.ಎ. ಓದುವಾಗ ಕೈಗೆ ಸಿಕ್ಕಿದ್ದಂತೆ. ಮೂವತ್ತು ವರ್ಷದಿಂದ ಅದನ್ನೇ ಓದುತ್ತಿದ್ದೇನೆ ಎಂದರು.

"ಇದರಲ್ಲಿ ಏನಿದೆ ಅಂಥಾದ್ದು?"

ಅವರು ಪೆನ್ಸಿಲಿನ ತುದಿಯಿಂದ ಒಂದೊಂದೇ ಸಾಲು ತೋರಿಸಿದರು. ಒಡೆಯನ ಹೆಸರು ಇದೆ. ಅವನಿಗಿಂತ ಹಿಂದಿನ ಒಡೆಯನ ಹೆಸರೂ ಇದೆ. ಒಕ್ಕಲು ಹನ್ನೆರಡು, ಅವರ ಹೆಸರಿಲ್ಲ. ಗುಲಾಮರು ಇಬ್ಬರು. ಒಂದು ಗಿರಣಿ. ನೆಲ ಎಂಟು ನೇಗಿಲಿನಷ್ಟು. ಇರುವ ನೇಗಿಲು ಐದು.

"ಮೂರು ನೇಗಿಲು ಎಲ್ಲಿ ಹೋಯ್ತು?" ಎಂದು ನನ್ನನ್ನೇ ಕೇಳಿದರು.

ಗೆದ್ದ ಸೈನ್ಯ ಎತ್ತುಗಳನ್ನು ತಿಂದಿರಬಹುದು. ಉಳುವವರು ಸತ್ತಿರಬಹುದು. ಗುಮಾಸ್ತರು ಬರುತ್ತಾರೆಂದು ತಿಳಿದು ಊರವರು ಎತ್ತುಗಳನ್ನು ಕಾಡಿಗೆ ಅಟ್ಟಿರಲೂಬಹುದು. ಮೂವತ್ತು ವರ್ಷದಲ್ಲಿ ಇದಿಷ್ಟೂ ಅವರಿಗೆ ಬೇರೆ ಬೇರೆ ಕಾಲದಲ್ಲಿ ನಿಜವೆನಿಸಿತ್ತು. ವಿವರ ಕೊಟ್ಟವರು ಯಾರು ಎಂದು ಕೇಳಿದೆ. ಊರಿನ ಪಾದ್ರಿ, ಪಟೇಲನಂಥ ಒಬ್ಬ, ಮತ್ತೆ ಆರು ಜನ ಒಕ್ಕಲು, ಪ್ರಮಾಣ ಮಾಡಿ ಹೇಳಬೇಕು ಎಂದರು.

"ಆ ಆರು ಜನ ಸುಳ್ಳು ಹೇಳಿದ್ದರೆ?"

"ಹೇಳಿಯೇ ಇರ್ತಾರೆ. ಎಣಿಸ್ಲಿಕ್ಕೆ ಬಂದವನನ್ನು ಯಾರು ನಂಬ್ತಾರೆ? ನಂಗೆ ಬೇಕಾದ್ದೇ ಆ ಸುಳ್ಳು." ಹಾಳೆಯನ್ನು ಹೊದಿಕೆಯೊಳಗೆ ಸರಿಪಡಿಸುತ್ತಾ ಅಂದರು, "ನಿಜ ಎಲ್ಲಾ ಊರಲ್ಲೂ ಒಂದೇ ನಮೂನೆ. ನೆಲ, ನೀರು, ಗಿರಣಿ. ಬಚ್ಚಿಟ್ಟದ್ದು ಯಾವುದು ಅಂತ ಗೊತ್ತಾದ್ರೆ ಅವರಿಗೆ ಯಾವುದು ಹೆಚ್ಚು ಅಂತ ಗೊತ್ತಾಗ್ತದೆ."

ಗುಮಾಸ್ತರು ಜನರನ್ನು ನೋಡುತ್ತಿರಲಿಲ್ಲ, ನೇಗಿಲು ನೋಡಿ ಜನರನ್ನು ಅಂದಾಜು ಮಾಡುತ್ತಿದ್ದರು ಎಂದೂ ಹೇಳಿದರು. ಈ ಬೀದಿಗಳಲ್ಲಿ ನಾನೂ ಹಾಗೆ ನೋಡುತ್ತೇನೆ, ಅಭ್ಯಾಸಕ್ಕೆ, ಎಂದರು. ಆಚೆ ಬೀದಿಯ ಮನೆಯ ಮಾತನ್ನು ನಾನು ಎತ್ತಲಿಲ್ಲ, ಅವರೂ ಎತ್ತಲಿಲ್ಲ.

ಆಫೀಸಿನಲ್ಲಿ ಹುಡುಕಿ ನೋಡಿದೆ. ಅಂಥ ಸಮೀಕ್ಷೆ ನಡೆದದ್ದು ನಿಜ. ಅದರಿಂದ ನನ್ನ ಅನುಮಾನ ಕಡಿಮೆಯಾಗಲಿಲ್ಲ. ಒಳ್ಳೆಯ ನೆಪಕ್ಕೂ ಸತ್ಯದ ಒಂದು ತುಂಡು ಬೇಕಾಗುತ್ತದೆ. ಏಳು ಸಾಲಿಗೆ ಮೂವತ್ತು ವರ್ಷ ಕೊಡುವ ಮನುಷ್ಯನನ್ನು ನಾನು ಅದುವರೆಗೆ ಕಂಡಿರಲಿಲ್ಲ. ಕಂಡಿಲ್ಲದ್ದನ್ನು ನಂಬದಿರುವುದು ನನ್ನ ಕಸುಬು.

ಅದಾಗಿ ಒಂದು ವಾರಕ್ಕೆ, ಶುಕ್ರವಾರದ ಊಟ ಮುಗಿದು ಅವರು ಕೈತೊಳೆಯಲು ಹೋದಾಗ, ನೀಲಿ ಪುಸ್ತಕ ಅಡುಗೆಮನೆಯ ಮೇಜಿನ ಮೇಲೆ ತೆರೆದೇ ಇತ್ತು. ಪುಟದ ಮೇಲೆ ಕಂಪನಿಯ ಕಾಗದಗಳಿಗೆ ಹಾಕುವಂತೆ 'ಪರಿಷ್ಕರಣೆ ೩' ಎಂದು ಬರೆದಿತ್ತು. ಕೆಳಗೆ ಪೆನ್ಸಿಲಿನಲ್ಲಿ ಹೀಗೆ:

'ಐನ್ ಖಾಲಿದ್. ಮನೆ ಒಂದು. ಹಿಡಿದವನು ಒಬ್ಬ. ಪಾಲು ಆರು. ಹೊರಗಿನಿಂದ ಕಾಣುವ ಏಸಿ ಹದಿನಾಲ್ಕು. ಒಲೆ ಐದು, ಅದರಲ್ಲಿ ಒಂದು ಮೆಟ್ಟಿಲ ಕೆಳಗೆ. ಚಪ್ಪಲಿ ಹದಿನೆಂಟು ಜೊತೆ. ಮಜ್ಲಿಸ್‌ನಲ್ಲಿ ಹಲಗೆಯ ಗೋಡೆ, ಬಾಗಿಲ ಹಿಡಿ ಹೊಸದು. ಹಿಂಬದಿ ಗೇಟಿನ ಗಂಟೆ ಗುಂಡಿ ನಾಲ್ಕು. ಇದಕ್ಕಿಂತ ಹೆಚ್ಚು ಕಾಣಬಹುದೇ? ಕಾಣಬಹುದು.'

ಅದರ ಕೆಳಗೆ ಒಂದು ಗೆರೆ, ಗೆರೆಯ ಕೆಳಗೆ ಇನ್ನೇನೋ ಸಣ್ಣ ಅಕ್ಷರದಲ್ಲಿ. ಅಲ್ಲಿಯವರೆಗೆ ನಾನು ಓದಲಿಲ್ಲ. ಫೋನಿನಲ್ಲಿ ಪುಟದ ಫೋಟೊ ತೆಗೆದು, ನೇರ ಹೋಗಿ ರಮಾನಾಥಣ್ಣನಿಗೆ ತೋರಿಸಿದೆ.

ಡೆಸ್ಕಿನಲ್ಲಿ ಇಂಥ ವರದಿ ಬಂದರೆ ನಾನು ಕೇಳುವ ಮೊದಲ ಮಾತು, 'ಆತನ ಪ್ರತಿಕ್ರಿಯೆ ಎಲ್ಲಿ?' ಅಂದು ನಾನು ಅದನ್ನು ಕೇಳಿಕೊಳ್ಳಲಿಲ್ಲ. ರಮಾನಾಥಣ್ಣ ಫೋಟೊ ನೋಡಿ ಒಂದೇ ಮಾತು ಹೇಳಿದರು: "ಖಲಾಸ್." ಆ ವಾರದೊಳಗೆ ಕೋಣೆ ಬಿಡಬೇಕೆಂದು ಮಾಸ್ಟ್ರಿಗೆ ತಿಳಿಸಿದರು. ಸಿಲ್ವಿಯಾ ಬಾಯಿ ತಮ್ಮ ಬಾಗಿಲಲ್ಲಿ ನಿಂತು ಕೇಳಿಸಿಕೊಂಡರು.

ಮಾಸ್ಟ್ರು ವಾದಿಸಲಿಲ್ಲ. ಕಾರಣವನ್ನೂ ಕೇಳಲಿಲ್ಲ. "ಯಾರು ಓದಿದ್ದು?" ಎಂದು ಮಾತ್ರ ಕೇಳಿದರು. ರಮಾನಾಥಣ್ಣ ಗೇಟಿನ ಕಡೆ ನೋಡಿದರು.

"ನಾನು," ಎಂದೆ.

"ಪೂರ್ತಿ ಓದಿದ್ರಾ?"

"ಬೇಕಾದಷ್ಟು ಓದಿದೆ."

ತಲೆಯಾಡಿಸಿದರು. ವಾರಾಂತ್ಯದ ರಜೆ ಮುಗಿದ ಬೆಳಿಗ್ಗೆಯೇ ಒಂದು ಟ್ರಂಕು, ಒಂದು ಸ್ಟೀಲ್ ಲೋಟ, ಚೀಲದಲ್ಲಿ ಚಪ್ಪಲಿಯೊಂದಿಗೆ ಕಂಪನಿಯ ಕ್ವಾರ್ಟರ್ಸಿಗೆ ಹೋದರು. ಹೋಗುವಾಗ ರೀಮಾ ಶಾಲೆಯಲ್ಲಿದ್ದಳು. ಅವಳಿಗೆ ಎಂದು ಮೇಜಿನ ಮೇಲೆ ನಾಲ್ಕು ಹಾಳೆ ಇಟ್ಟಿದ್ದರು. ತೆರೆದು ನೋಡಿದೆ. ಪರೀಕ್ಷೆಗೆ ಬರಬಹುದಾದ ಪ್ರಶ್ನೆಗಳು, ಉತ್ತರಗಳೊಂದಿಗೆ.

ಬಲದಿಯಾದವರು ಬಂದದ್ದು ಅವರು ಹೋಗಿ ಹದಿನೆಂಟನೇ ದಿನ. ಅವರನ್ನು ಕಳಿಸಿದ್ದು ಯಾರು ಎಂಬುದು ನನಗೆ ಇಂದಿಗೂ ಗೊತ್ತಿಲ್ಲ. ಸಿಟ್ಟಿನಲ್ಲಿ ಮಾಸ್ಟ್ರೇ ದೂರು ಕೊಟ್ಟಿರಬಹುದು. ಆ ವಾರ ನಮ್ಮ ಬೀದಿಯ ಎಲ್ಲ ಮನೆಗಳಿಗೂ ಬಂದಿದ್ದರು ಎಂದು ಆಮೇಲೆ ತಿಳಿಯಿತು, ಹಾಗಾಗಿ ಯಾರೂ ಕೊಡದೆಯೂ ಇರಬಹುದು. ಬೀದಿಯ ಆ ತುದಿಯಲ್ಲಿ ಶುರುಮಾಡಿದ್ದಾರೆ ಎಂದು ಕಿರಾಣಿಯವನು ಬೆಳಿಗ್ಗೆ ಫೋನ್ ಮಾಡಿದಾಗ ನಮಗೆ ಸಿಕ್ಕಿದ್ದು ಎರಡು ಗಂಟೆ.

ಆ ಎರಡು ಗಂಟೆಯಲ್ಲಿ ನಮಗೆ ದಾರಿ ತೋರಿಸಿದ್ದು ಮಾಸ್ಟ್ರ ಪುಟ. ರಮಾನಾಥಣ್ಣ ನನ್ನ ಫೋನನ್ನು ಎಡಗೈಯಲ್ಲಿ ಹಿಡಿದು, ಒಂದೊಂದೇ ಓದುತ್ತಾ ಮನೆಯೆಲ್ಲ ಓಡಾಡಿದರು. ಎರಡನೇ ಒಲೆಯಿಂದ ಐದನೆಯದರವರೆಗೆ ವ್ಯಾನಿಗೆ. ಏಸಿಗಳಲ್ಲಿ ಐದನ್ನು ಅವರೇ ಬಿಚ್ಚಿದರು, ಕಸುಬು ಅದೇ ಆಗಿತ್ತಲ್ಲ. ಗಂಟೆ ಗುಂಡಿ ಮೂರನ್ನು ಕಿತ್ತು ಸುಣ್ಣ ಬಳಿದರು. ಆ ಗುಂಡಿಗಳು ಹೊರಗಿನವರಿಗೆ ಏನು ಹೇಳುತ್ತವೆ ಎಂದು ಆರು ವರ್ಷದಲ್ಲಿ ನಮ್ಮಲ್ಲಿ ಯಾರಿಗೂ ಹೊಳೆದಿರಲಿಲ್ಲ. ಮಜ್ಲಿಸ್‌ನ ಹಲಗೆಗೆ ಅಡ್ಡವಾಗಿ ಕಪಾಟು ಸರಿಸಿ, ಹೊಸ ಹಿಡಿಯ ಬಾಗಿಲನ್ನು ಮರೆಮಾಡಿದೆವು. ಸಿಲ್ವಿಯಾ ಬಾಯಿ ಕ್ಲಿನಿಕ್ಕಿನಲ್ಲಿದ್ದರು, ರೀಮಾ ಶಾಲೆಯಲ್ಲಿ, ಉಳಿದವರು ಹೊರಗೆ ಕೆಲಸದಲ್ಲಿ. ಪುಟದ ಗೆರೆಯವರೆಗಿನ ಎಲ್ಲವೂ ಆಯಿತು. ಗೆರೆಯ ಕೆಳಗೆ ಬಚ್ಚಿಡುವಂಥದ್ದು ಇಲ್ಲ ಎಂದು ರಮಾನಾಥಣ್ಣ ಫೋನು ವಾಪಸು ಕೊಟ್ಟರು.

ಬಂದವರು ಇಬ್ಬರು. ಒಬ್ಬ ಕತಾರಿ ಯುವಕ, ಅವನ ಜೊತೆ ಟ್ಯಾಬ್ಲೆಟ್ ಹಿಡಿದ ಸುಡಾನಿ ಗುಮಾಸ್ತ. ಸಭ್ಯರು. ಗುಮಾಸ್ತನ ಕಣ್ಣು ಮೊದಲು ಹೋದದ್ದು ಹೊರಗೋಡೆಯ ಏಸಿಗಳ ಮೇಲೆ, ಆಮೇಲೆ ಗೇಟಿನ ಗುಂಡಿಗೆ, ಆಮೇಲೆ ಬಾಗಿಲ ಬಳಿಯ ಚಪ್ಪಲಿಗೆ. ನಾನು ಪುಟವನ್ನು ಮತ್ತೊಮ್ಮೆ ಓದುತ್ತಿರುವಂತೆ ಅನಿಸಿತು. ಎಷ್ಟು ಜನ ಎಂದು ಕೇಳಿದಾಗ ರಮಾನಾಥಣ್ಣ, "ನಾನು, ಹೆಂಡತಿ, ಇವರು ನನ್ನ ಕಸಿನ್," ಎಂದು ನನ್ನನ್ನು ತೋರಿಸಿದರು. ಗುಮಾಸ್ತ ನನ್ನ ಕಡೆ ತಿರುಗಿ ಅದೇ ಪ್ರಶ್ನೆಯನ್ನು ಮತ್ತೆ ಕೇಳಿದ.

"ಮೂವರು," ಎಂದೆ. ಅವನು ತೋರಿಸಿದ ಜಾಗದಲ್ಲಿ ಬೆರಳಿನಿಂದ ಸಹಿ ಮಾಡಿದೆ.

ರೀಮಾ ಪರೀಕ್ಷೆ ಬರೆದಳು, ಪಾಸಾದಳು. ಆ ಬೇಸಿಗೆಯಲ್ಲಿ ಎಲ್ಲರೂ ಒಬ್ಬೊಬ್ಬರಾಗಿ ಬೇರೆ ಮನೆಗಳಿಗೆ ಹೋದೆವು. ರಮಾನಾಥಣ್ಣ ಹಲಗೆ ಕಳಚಿ ವಿಲ್ಲಾ ವಾಪಸು ಕೊಟ್ಟರು.

ಮಾಸ್ಟ್ರನ್ನು ಆಮೇಲೆ ಒಮ್ಮೆ ಮಾತ್ರ ಕಂಡೆ, ಅಬು ಹಮೂರಿನ ಮೀನು ಮಾರುಕಟ್ಟೆಯಲ್ಲಿ. ಬಂಗುಡೆಯ ಕಿವಿರು ಎತ್ತಿ ನೋಡುತ್ತಿದ್ದರು. ನಾನೇ ಮಾತಾಡಿಸಿದೆ. ಬಲದಿಯಾದವರು ಬಂದಿದ್ದರು ಎಂದೆ. ಚೆನ್ನಾಗಿದ್ದೀರಾ ಎಂದು ಕೂಡ ಕೇಳದೆ, "ಎಷ್ಟು ಜನ ಅಂತ ಬರೆಸಿದ್ರಿ?" ಎಂದರು.

"ಮೂವರು."

ತುಟಿ ಅಲುಗಿಸಿ ಕಳೆದರು. "ಒಂಬತ್ತು ಜನ ಕಾಡಿಗೆ," ಎಂದರು.

ಆಗ ಕೇಳಿದೆ, ಆರಂಭದಲ್ಲೇ ಕೇಳಬೇಕಿದ್ದ ಪ್ರಶ್ನೆಯನ್ನು. "ಮಾಸ್ಟ್ರೆ, ಅವರಿಗೆ ಹೇಳಿದ್ದು ನೀವಾ?"

ಮೀನಿನವನು ತಕ್ಕಡಿ ಹಿಡಿದು ಕಾಯುತ್ತಿದ್ದ. ಮಾಸ್ಟ್ರು ಎರಡು ಬಂಗುಡೆ ಆರಿಸಿ ಅವನಿಗೆ ಕೊಟ್ಟರು. "ಆ ಪುಟ ಇನ್ನೂ ಉಂಟಾ ನಿಮ್ಮ ಹತ್ರ?" ಎಂದು ಕೇಳಿದರು.

ಅಳಿಸಿದೆ ಎಂದೆ. ಅದು ಸುಳ್ಳು. "ಹಾಂ," ಎಂದು ಮೀನಿನ ಚೀಲ ತೆಗೆದುಕೊಂಡು ಹೋದರು. ನನ್ನ ಪ್ರಶ್ನೆಗೆ ಉತ್ತರ ಸಿಗಲಿಲ್ಲ. ದಾಖಲೆಯಲ್ಲಿ ಅದು ಹಾಗೆಯೇ ಇರಲಿ.

ಸಾವಿನ ಸುದ್ದಿ ಖಚಿತವಾದ ಸಂಜೆ ನಾನು ಆ ಫೋಟೊ ಹುಡುಕಿ ತೆಗೆದೆ. ಗೆರೆಯ ಕೆಳಗಿನ ಸಾಲನ್ನು ಹಿಗ್ಗಿಸಿ ಓದಿದೆ. ಪೆನ್ಸಿಲು ಮಸುಕು, ಅಕ್ಷರ ಸ್ಪಷ್ಟ.

'ಮಜ್ಲಿಸ್‌ನಲ್ಲಿ ಇಬ್ಬರು, ಗಂಡ ಹೆಂಡತಿ. ಒಟ್ಟು ಹನ್ನೆರಡು, ಬರೆದವನೂ ಸೇರಿ. ಈ ಮನೆಯಲ್ಲಿ ಮಕ್ಕಳಿಲ್ಲ.'

ಎರಡು ಸಲ ಓದಿ ಎಣಿಸಿದೆ. ನಾವು ಹದಿಮೂರು ಜನ ಇದ್ದೆವು. ಚಪ್ಪಲಿ ತಪ್ಪದೆ ಎಣಿಸಿದ, ಬಾಗಿಲ ಹಿಡಿ ಹೊಸದು ಎಂಬುದನ್ನೂ ಬಿಡದ ಮನುಷ್ಯ, ಪ್ರತಿ ಸಂಜೆ ಮೇಜಿನ ಆಚೆ ಬದಿಯಲ್ಲಿ ಕೂತ ಹುಡುಗಿಯನ್ನು ಬಿಟ್ಟಿದ್ದರು.

ಇದಕ್ಕೆ ಬೇರೆ ವಿವರಣೆ ಇರಬಹುದೇ ಎಂದು ನೋಡಿದೆ. ಆ ನಾರ್ಮನ್ ಗುಮಾಸ್ತರೂ ಮಕ್ಕಳನ್ನು ಎಣಿಸುತ್ತಿರಲಿಲ್ಲ, ಇವರು ಅದೇ ಪದ್ಧತಿ ಹಿಡಿದಿರಬಹುದು. ಆದರೆ ಎಣಿಸುವ ಪದ್ಧತಿ ಇಲ್ಲದಿದ್ದರೆ ಸುಮ್ಮನೆ ಬಿಡುತ್ತಾರೆ. ಮಕ್ಕಳಿಲ್ಲ ಎಂದು ಯಾರೂ ಬರೆದಿಡುವುದಿಲ್ಲ, ಅದನ್ನು ಬೇರೆ ಯಾರೋ ಓದುತ್ತಾರೆ ಎಂದು ಗೊತ್ತಿದ್ದ ಹೊರತು. ಓದುವವರು ಯಾರೆಂದು ಅವರು ಎಣಿಸಿದ್ದರೋ ನನಗೆ ತಿಳಿಯದು. ಒಂದೇ ಮೂಲ, ಒಂದೇ ಪುಟ, ಬರೆದವರು ಈಗಿಲ್ಲ. ಅಚ್ಚಿಗೆ ಇಷ್ಟು ಸಾಲದು.

ಸಿಲ್ವಿಯಾ ಬಾಯಿಯ ನಂಬರು ನನ್ನ ಬಳಿ ಇತ್ತು. ಫೋಟೊವನ್ನು ಅವರಿಗೆ ಕಳಿಸಿ, ಕೊನೆಯ ಸಾಲು ಓದಿ ಎಂದು ಬರೆದೆ.